ಡೀಸೆಲ್ ಎಂಬ ಮನುಷ್ಯ ಮತ್ತು ನಮ್ಮ ಮಾಮುವಿನ ಜೀಪು

ಕಳಸದಲ್ಲಿರುವ ನನ್ನ ಮಾಮು ಹಳೆಯ ಡೀಸೆಲ್ ಜೀಪು ಓಡಿಸುತ್ತಾರೆ. ಕಾಫಿ ಕುಯ್ಲಿನ ಕಾಲದಲ್ಲಿ ಬೆಳಿಗ್ಗೆ ಕೆಲಸದವರನ್ನು ತೋಟಕ್ಕೆ ಬಿಡುತ್ತಾರೆ, ಸಂಜೆ ಹಣ್ಣಿನ ಮೂಟೆಗಳನ್ನು ಕಣಕ್ಕೆ ತರುತ್ತಾರೆ. ಉಳಿದ ದಿನಗಳಲ್ಲಿ ಕುದುರೆಮುಖ ಹತ್ತಲು ಬರುವವರನ್ನು ಸಂಸೆ ಕಡೆಯಿಂದ ಮುಳ್ಳೋಡಿಗೆ ಮುಟ್ಟಿಸುತ್ತಾರೆ. ಕಳೆದ ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ ಮನೆಯಲ್ಲಿ ಒಂದು ವಾದ ನಡೆದಿತ್ತು. ಮಾಮುವಿನ ಮಗ, ನನ್ನ ಅಣ್ಣ, ಸಾಲ ಮಾಡಿಯಾದರೂ ಹೊಸ ಪೀಳಿಗೆಯ ಫೋರ್ ವೀಲ್ ಗಾಡಿ ತೆಗೆದುಕೊಳ್ಳೋಣ ಎನ್ನುತ್ತಿದ್ದ. ಮಾಮು ಹಳೆಯ ಎಂಜಿನ್ ಎಂದೂ ಕೈಕೊಟ್ಟಿಲ್ಲ ಎನ್ನುತ್ತಿದ್ದರು. ನಾನು ಕಾಮರ್ಸ್ ಓದುತ್ತೇನೆ ಎಂಬ ಕಾರಣಕ್ಕೆ ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಲೆಕ್ಕ ಹಾಕಬೇಕಾದರೆ ಎಂಜಿನ್ ಬಗ್ಗೆ ಸ್ವಲ್ಪವಾದರೂ ತಿಳಿದಿರಬೇಕಲ್ಲ ಎಂದು ಓದಲು ಕುಳಿತೆ. ಡೀಸೆಲ್ ಎಂಬುದು ಎಣ್ಣೆಯ ಹೆಸರು ಎಂದೇ ಅಲ್ಲಿಯವರೆಗೆ ತಿಳಿದಿದ್ದೆ. ಅದು ಒಬ್ಬ ಮನುಷ್ಯನ ಹೆಸರು ಎಂದು ಗೊತ್ತಾದ ಮೇಲೆ ಜೀಪನ್ನು ಬಿಟ್ಟು ಆ ಮನುಷ್ಯನ ಜೀವನವನ್ನೇ ಓದಿದೆ. ಕೊನೆಗೆ ಅದೇ ನನಗೆ ಲೆಕ್ಕ ಹಾಕುವುದನ್ನೂ ಕಲಿಸಿತು.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆ ತಾಯಿ ಜರ್ಮನಿಯ ಬವೇರಿಯಾ ಕಡೆಯವರು. ತಂದೆ ಪುಸ್ತಕಗಳಿಗೆ ರಟ್ಟು ಕಟ್ಟುವ, ಚರ್ಮದ ಸಾಮಾನು ಮಾಡುವ ಕಸುಬಿನವರು. ಮನೆಯೊಳಗೆ ಜರ್ಮನ್, ಬೀದಿಯಲ್ಲಿ ಫ್ರೆಂಚ್. ಮನೆಯಲ್ಲಿ ಉರ್ದು, ಬಸ್‌ಸ್ಟ್ಯಾಂಡಿನಲ್ಲಿ ಕನ್ನಡ ಮಾತಾಡಿ ಬೆಳೆದ ನಮ್ಮಲ್ಲಿ ಅನೇಕರಿಗೆ ಅದು ಹೇಗಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ ಶುರುವಾದಾಗ ಆ ಕುಟುಂಬ ಪ್ಯಾರಿಸ್ ಬಿಟ್ಟು ಲಂಡನ್ನಿಗೆ ಹೋಗಬೇಕಾಯಿತು. ಅಲ್ಲಿ ಕೈಯಲ್ಲಿ ಕಾಸಿಲ್ಲ. ಹನ್ನೆರಡು ವರ್ಷದ ಹುಡುಗನನ್ನು ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿದ್ದ ಬಂಧುಗಳ ಮನೆಗೆ ಕಳಿಸಿದರು. ಆ ಮನೆಯ ಯಜಮಾನರು ಗಣಿತದ ಮೇಷ್ಟ್ರು. ಹುಡುಗನಿಗೆ ಎಂಜಿನಿಯರ್ ಆಗುವ ಆಸೆ ಅಲ್ಲಿಯೇ ಹುಟ್ಟಿತು.

ವಿದ್ಯಾರ್ಥಿವೇತನ ಪಡೆದು ಅವರು ಮ್ಯೂನಿಕ್ ಪಾಲಿಟೆಕ್ನಿಕ್ ಸೇರಿದರು. ಅಲ್ಲಿ ಕಾರ್ಲ್ ಫಾನ್ ಲಿಂಡೆ ಎಂಬ ಪ್ರಾಧ್ಯಾಪಕರ ಪಾಠದಲ್ಲಿ ಕೇಳಿದ ಒಂದು ವಿಷಯ ಅವರ ತಲೆಯಿಂದ ಹೋಗಲೇ ಇಲ್ಲ. ಆ ಕಾಲದ ಉಗಿ ಎಂಜಿನ್ ಕಲ್ಲಿದ್ದಲಿನ ಶಾಖದಲ್ಲಿ ಹತ್ತರಲ್ಲಿ ಒಂದು ಪಾಲನ್ನಷ್ಟೇ ಕೆಲಸಕ್ಕೆ ಬಳಸುತ್ತಿತ್ತು, ಉಳಿದದ್ದು ವ್ಯರ್ಥ. ಇದಕ್ಕಿಂತ ಒಳ್ಳೆಯ ಎಂಜಿನ್ ಮಾಡಬೇಕೆಂದು ಆಗಲೇ ನಿಶ್ಚಯಿಸಿದರು. ಕೊನೆಯ ಪರೀಕ್ಷೆಯ ಹೊತ್ತಿಗೆ ಟೈಫಾಯ್ಡ್ ಬಂದು ಪರೀಕ್ಷೆ ತಪ್ಪಿತು. 1880ರಲ್ಲಿ ಮತ್ತೆ ಕುಳಿತು ಬಹಳ ಒಳ್ಳೆಯ ಅಂಕಗಳೊಂದಿಗೆ ತೇರ್ಗಡೆಯಾದರು. ಪರೀಕ್ಷೆ ತಪ್ಪಿದವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಅವರ ಯೋಚನೆ ಅರ್ಥವಾಗಬೇಕಾದರೆ ಸೈಕಲ್ ಪಂಪನ್ನು ನೆನೆಸಿಕೊಳ್ಳಿ. ಜೋರಾಗಿ ಗಾಳಿ ಹೊಡೆದರೆ ಪಂಪಿನ ತುದಿ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಡೀಸೆಲ್ ಎಂಜಿನ್ ಒಳಗೆ ಗಾಳಿಯನ್ನು ಮೊದಲಿದ್ದ ಜಾಗದ ಇಪ್ಪತ್ತರಲ್ಲೊಂದು ಪಾಲಿನಷ್ಟು ಜಾಗಕ್ಕೆ ಒತ್ತಿಬಿಡುತ್ತಾರೆ. ಆಗ ಶಾಖ 500 ಡಿಗ್ರಿ ದಾಟುತ್ತದೆ. ಅದರೊಳಗೆ ಎಣ್ಣೆ ಚಿಮ್ಮಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಕಿಡಿ ಬೇಡ. ಪೆಟ್ರೋಲ್ ಗಾಡಿಯಲ್ಲಿರುವ ಸ್ಪಾರ್ಕ್ ಪ್ಲಗ್ ಡೀಸೆಲ್ ಗಾಡಿಯಲ್ಲಿ ಇಲ್ಲದಿರುವುದು ಇದಕ್ಕೇ. ಡಿಸೆಂಬರಿನ ಚಳಿಯಲ್ಲಿ ಮಾಮು ಕೀಲಿ ತಿರುಗಿಸಿ ಹೀಟರ್ ಕಾಯಲಿ ಎಂದು ಸ್ವಲ್ಪ ಹೊತ್ತು ಸುಮ್ಮನೆ ಕೂರುವುದೂ ಇದಕ್ಕೇ. ತಣ್ಣಗಿರುವ ಎಂಜಿನ್‌ನಲ್ಲಿ ಗಾಳಿ ಸಾಕಷ್ಟು ಬಿಸಿಯಾಗುವುದಿಲ್ಲ.

1893ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯೂ ಕ್ರುಪ್ ಕಂಪನಿಯೂ ಹಣ ಹಾಕಿದವು. ಅದೇ ವರ್ಷ ಆಗಸ್ಟ್ 10ರಂದು ಮೊದಲ ಎಂಜಿನ್ನಿಗೆ ಎಣ್ಣೆ ಬಿಟ್ಟಾಗ ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯಿತು. ಬದಲಾವಣೆ ಮಾಡಿ 1894ರ ಫೆಬ್ರವರಿಯಲ್ಲಿ ಮತ್ತೆ ನಡೆಸಿದಾಗ ಎಂಜಿನ್ ಸ್ವಂತ ಬಲದಿಂದ ಓಡಿದ್ದು ಸುಮಾರು ಒಂದು ನಿಮಿಷ ಮಾತ್ರ. ಅದನ್ನೂ ಬದಿಗಿಟ್ಟು ಹೊಸದಾಗಿ ಕಟ್ಟಿದರು. 1897ರ ಫೆಬ್ರವರಿ 17ರಂದು ಪ್ರೊಫೆಸರ್ ಮೋರಿಟ್ಜ್ ಶ್ರೋಟರ್ ಪರೀಕ್ಷೆ ಮಾಡಿದಾಗ ಅದರ ದಕ್ಷತೆ ಶೇ. 26.2 ಎಂದು ಬಂತು. ಉಗಿ ಎಂಜಿನ್ನಿಗಿಂತ ಎರಡು ಪಟ್ಟಿಗೂ ಹೆಚ್ಚು! ಆಳಿಗಿಂತ ಬಹಳ ಎತ್ತರವಿದ್ದು ಸುಮಾರು 20 ಅಶ್ವಶಕ್ತಿ ಕೊಡುತ್ತಿದ್ದ ಆ ಎಂಜಿನ್ ಈಗಲೂ ಮ್ಯೂನಿಕ್ಕಿನ ವಸ್ತುಸಂಗ್ರಹಾಲಯದಲ್ಲಿದೆ. ಗಾಡಿಗಳಲ್ಲಿ ಹೊಸ ಪೀಳಿಗೆ ಬಂತು ಎಂದು ನಾವು ಹೇಳುತ್ತೇವಲ್ಲ, ಅವರು ನಾಲ್ಕು ವರ್ಷದೊಳಗೆ ಅಂಥ ಮೂರು ಪೀಳಿಗೆ ಮಾಡಿದರು.

ತೊಂದರೆ ಶುರುವಾದದ್ದು ಗೆದ್ದ ಮೇಲೆ. ಪರೀಕ್ಷೆಯ ಸುದ್ದಿ ಹಬ್ಬಿ ದೇಶ ದೇಶಗಳಿಂದ ಹಕ್ಕು ಕೊಳ್ಳಲು ಬಂದರು. ಅಮೆರಿಕದ ಅಡಾಲ್ಫಸ್ ಬುಷ್ ಹತ್ತು ಲಕ್ಷ ಮಾರ್ಕ್ ಕೊಟ್ಟರು. 1898ರಲ್ಲಿ ಎಲ್ಲ ಹಕ್ಕುಗಳನ್ನು ಒಂದು ಹೊಸ ಕಂಪನಿಗೆ 35 ಲಕ್ಷ ಮಾರ್ಕಿಗೆ ಬಿಟ್ಟುಕೊಟ್ಟರು. ಅದರಲ್ಲಿ ಹೆಚ್ಚಿನ ಪಾಲು ನಗದಲ್ಲ, ಷೇರು. ಆದರೆ ಎಂಜಿನ್ ಇನ್ನೂ ಹಣ್ಣಾಗಿರಲಿಲ್ಲ. ಕೆಂಪ್ಟನ್ ಊರಿನ ಬೆಂಕಿಪೆಟ್ಟಿಗೆ ಕಾರ್ಖಾನೆಗೆ ಮಾರಿದ ಮೊದಲ ಎಂಜಿನ್ ಮೇಲಿಂದ ಮೇಲೆ ತೊಂದರೆ ಕೊಟ್ಟಿತು. ಆಗ್ಸ್‌ಬರ್ಗ್‌ನಲ್ಲಿ ಹೊಸದಾಗಿ ತೆರೆದ ಇನ್ನೊಂದು ಕಾರ್ಖಾನೆಯ ಎಂಜಿನ್‌ಗಳು ಕೆಟ್ಟು ಹಿಂದಕ್ಕೆ ಬಂದವು. ಪರೀಕ್ಷೆಯ ದಿನ ಎಂಜಿನ್ ಸುತ್ತ ಎಂಜಿನಿಯರ್‌ಗಳು ನಿಂತಿರುತ್ತಾರೆ. ಕಾರ್ಖಾನೆಯಲ್ಲಿ ಅದನ್ನು ನೋಡಿಕೊಳ್ಳುವವನು ಒಬ್ಬ ಸಾಮಾನ್ಯ ಕೆಲಸಗಾರ. ಅವನ ಕೈಯಲ್ಲಿ ದಿನವೂ ಓಡಿದರೆ ಮಾತ್ರ ಅದನ್ನು ನಂಬಬಹುದು. ಈ ಓಡಾಟ, ಜಗಳಗಳಲ್ಲಿ ಡೀಸೆಲ್ ಅವರ ಆರೋಗ್ಯ ಕೆಟ್ಟು ಅದೇ ವರ್ಷ ಆಸ್ಪತ್ರೆ ಸೇರಬೇಕಾಯಿತು.

ಎಂಜಿನ್ ಸರಿಹೋದದ್ದು ನಿಧಾನವಾಗಿ, ಬೇರೆ ಬೇರೆ ಕೈಗಳಲ್ಲಿ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅದಕ್ಕೆ ಮೊದಲ ದರ್ಜೆಯ ಬಹುಮಾನ ಬಂತು. ಅಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿಯೂ ಓಡಿತು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಎಂಬ ಹಡಗು ಡೀಸೆಲ್ ಎಂಜಿನ್‌ನಿಂದಲೇ ಸಾಗರ ದಾಟಿತು. ಆದರೆ ಲಾರಿಗೆ ಹೊಂದುವ ಚಿಕ್ಕ ಎಂಜಿನ್ ಮಾಡಲು ಅವರು ಪಟ್ಟ ಪ್ರಯತ್ನ ಫಲಿಸಲಿಲ್ಲ. ಎಣ್ಣೆಯನ್ನು ಒಳಗೆ ಊದಲು ಗಾಳಿ ಒತ್ತುವ ಕಂಪ್ರೆಸರ್ ಬೇಕಿತ್ತು, ಅದರ ಭಾರ ಗಾಡಿಗೆ ಹೊರೆ. ಕಂಪ್ರೆಸರ್ ಇಲ್ಲದೆ ಎಣ್ಣೆ ಚಿಮ್ಮಿಸುವ ವಿಧಾನದಿಂದ ಲಾರಿಗಳು ಬಂದದ್ದು 1920ರ ದಶಕದಲ್ಲಿ. ಬಾಷ್ ಕಂಪನಿಯ ಪಂಪು ಬಂದದ್ದು 1927ರಲ್ಲಿ. ಅದನ್ನು ನೋಡಲು ಡೀಸೆಲ್ ಇರಲಿಲ್ಲ.

ಅವರ ಹೆಸರು ಲೋಕವೆಲ್ಲ ಹರಡುತ್ತಿದ್ದಾಗ ಮನೆಯ ಲೆಕ್ಕ ಕುಸಿಯುತ್ತಿತ್ತು. ಮ್ಯೂನಿಕ್ಕಿನಲ್ಲಿ ಅರಮನೆಯಂಥ ಮನೆ ಕಟ್ಟಿಸಿದ್ದರು. ಜಮೀನು ವ್ಯವಹಾರದಲ್ಲಿಯೂ ಎಣ್ಣೆಬಾವಿಗಳಲ್ಲಿಯೂ ಹಣ ಹಾಕಿ ಕಳೆದುಕೊಂಡಿದ್ದರು. ಪೇಟೆಂಟಿನ ಮೊಕದ್ದಮೆಗಳು ಬೇರೆ. ಇದನ್ನೆಲ್ಲ ಹೆಂಡತಿ ಮಾರ್ತಾ ಅವರಿಂದಲೂ ಮುಚ್ಚಿಟ್ಟಿದ್ದರು. 1913ರ ಸೆಪ್ಟೆಂಬರ್ 29ರ ಸಂಜೆ ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ಡ್ರೆಸ್ಡೆನ್ ಎಂಬ ಹಡಗು ಹತ್ತಿದರು. ರಾತ್ರಿ ಊಟ ಮುಗಿಸಿ, ಬೆಳಿಗ್ಗೆ ಎಬ್ಬಿಸಲು ಹೇಳಿ ಕೋಣೆಗೆ ಹೋದರು. ಬೆಳಿಗ್ಗೆ ಕೋಣೆಯಲ್ಲಿ ಅವರಿರಲಿಲ್ಲ. ಕೆಲವು ದಿನಗಳ ಮೇಲೆ ಸಮುದ್ರದಲ್ಲಿ ಸಿಕ್ಕ ದೇಹದ ಮೇಲಿದ್ದ ವಸ್ತುಗಳನ್ನು ಮಗ ಗುರುತಿಸಿದರು. ಆಗ ಅವರಿಗೆ 55 ವರ್ಷ. ಸಾವಿನ ಬಗ್ಗೆ ಹಲವು ವದಂತಿಗಳು ಹುಟ್ಟಿದವು, ಆದರೆ ಸಾಲದ ಭಾರವೇ ಕಾರಣ ಎಂದು ಹೆಚ್ಚಿನವರು ನಂಬುತ್ತಾರೆ. ಹೊರಡುವ ಮೊದಲು ಹೆಂಡತಿಯ ಕೈಗೆ ಒಂದು ಚೀಲ ಕೊಟ್ಟಿದ್ದರು. ಆಮೇಲೆ ಅದನ್ನು ತೆರೆದಾಗ ನಗದೂ ಬ್ಯಾಂಕಿನಲ್ಲಿ ಹೆಚ್ಚೇನೂ ಉಳಿದಿಲ್ಲ ಎಂದು ತೋರಿಸುವ ಕಾಗದಗಳೂ ಇದ್ದವು.

ಆ ಚೀಲದ ಭಾಗವನ್ನು ಓದಿದ ಮೇಲೆ ನಾನು ಮತ್ತೆ ನಮ್ಮ ಲೆಕ್ಕಕ್ಕೆ ಬಂದೆ.

ನಮ್ಮ ದೇಶದಲ್ಲಿ ಜೀಪಿನ ಕಥೆ 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಹೆಸರಿನಲ್ಲಿ ಹುಟ್ಟಿದ ಕಂಪನಿಯಿಂದ ಶುರುವಾಗುತ್ತದೆ. ಪಾಲುದಾರ ಗುಲಾಂ ಮೊಹಮ್ಮದ್ 1947ರಲ್ಲಿ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. ಮರುವರ್ಷ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಮೊದಲ ಜೀಪುಗಳು ಪೆಟ್ರೋಲಿನವು. ಆಮೇಲೆ ಬಂದ ಡೀಸೆಲ್ ಜೀಪುಗಳಲ್ಲಿ ಪ್ಯೂಜೊ ವಿನ್ಯಾಸದ 2112 ಸಿಸಿ ಎಂಜಿನ್ ಹೆಸರಾಯಿತು, ಅದರ ಶಕ್ತಿ 62 ಅಶ್ವಶಕ್ತಿ. 2010ರ ಥಾರ್‌ನ ಕಾಮನ್ ರೈಲ್ ಎಂಜಿನ್ 105 ಅಶ್ವಶಕ್ತಿ ಕೊಟ್ಟಿತು. 2020ರ ಥಾರ್‌ನದು 2184 ಸಿಸಿ, 130 ಅಶ್ವಶಕ್ತಿ. ಗಾತ್ರ ಹೆಚ್ಚು ಕಡಿಮೆ ಅಷ್ಟೇ, ಶಕ್ತಿ ಎರಡು ಪಟ್ಟಿಗೂ ಹೆಚ್ಚು. ಹೊಸದರಲ್ಲಿ ಏರ್‌ಬ್ಯಾಗ್, ಎಬಿಎಸ್ ಇವೆ. ಮಳೆಗಾಲದಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದವರಿಗೆ ಅದರ ಬೆಲೆ ಗೊತ್ತು. ಅಣ್ಣನ ಮಾತಿನಲ್ಲಿ ಸತ್ಯವಿತ್ತು.

ಮಾಮುವಿನ ಮಾತಿನಲ್ಲಿಯೂ ಇತ್ತು. ಹಳೆಯ ಎಂಜಿನ್‌ನ ಪಂಪು ಕೇವಲ ಯಂತ್ರ. ಸ್ಪ್ಯಾನರ್ ಹಿಡಿಯಲು ಬಲ್ಲ ಮೆಕ್ಯಾನಿಕ್ ಕಳಸದಲ್ಲಿಯೇ ಬಿಚ್ಚಿ ಕೂರಿಸುತ್ತಾನೆ. ಕಾಮನ್ ರೈಲ್‌ನಲ್ಲಿ ಎಣ್ಣೆಯ ಒತ್ತಡ ಸಾವಿರ ಬಾರ್ ದಾಟುತ್ತದೆ. ಎಣ್ಣೆಯಲ್ಲಿ ನೀರೋ ಕಸವೋ ಸೇರಿದರೆ ಇಂಜೆಕ್ಟರ್ ಹಾಳು. ತಪ್ಪು ಎಲ್ಲಿದೆ ಎಂದು ತಿಳಿಯಲು ಸ್ಕ್ಯಾನರ್ ಬೇಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ನಿಯಮದ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಗಾಡಿ ದೂರ ಓಡಿ ಬಿಸಿಯಾದರೆ ಆ ಮಸಿ ಸುಟ್ಟುಹೋಗುತ್ತದೆ. ದಿನವೆಲ್ಲ ತೋಟದೊಳಗೆ ಫಸ್ಟ್ ಗೇರಿನಲ್ಲಿ ಎರಡೆರಡು ಕಿಲೋಮೀಟರ್ ಓಡಿಸಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹಾಗಾಗಿ ಕೆಡದಿರುವುದು ಒಂದು ಗುಣ, ಕೆಟ್ಟರೆ ನಮ್ಮೂರಲ್ಲೇ ಸರಿಯಾಗುವುದು ಇನ್ನೊಂದು ಗುಣ. ಗಾಡಿ ಹೋಲಿಸುವವರು ಇವೆರಡನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು.

ಬರೆದುಕೊಳ್ಳಲು ನಾನು ಮಾಮುವಿನ ಹತ್ತಿರ ರಿಪೇರಿ ಬಿಲ್ಲುಗಳನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೀಟಿನ ಕೆಳಗಿನಿಂದ ಒಂದು ಬಿಸ್ಕತ್ ಡಬ್ಬಿ ತೆಗೆದುಕೊಟ್ಟರು. ಪಂಪು, ಇಂಜೆಕ್ಟರ್, ಕ್ಲಚ್, ಎರಡು ಸಲ ಹೆಡ್ ಗ್ಯಾಸ್ಕೆಟ್. ಎಂದೂ ಕೈಕೊಟ್ಟಿಲ್ಲ ಎಂದ ಜೀಪು ಎರಡು ವರ್ಷದಲ್ಲಿ ಹದಿನಾಲ್ಕು ಸಲ ನಿಂತಿತ್ತು. ಕೆಲವು ಬಿಲ್ಲಿನ ಹಣ ಮಾಮು ಅಂಗಡಿಯವರಿಂದ ಕೈಗಡ ತಂದದ್ದು ಮುಮಾನಿಗೆ ಗೊತ್ತಿರಲಿಲ್ಲ. ನಾನು ಅದನ್ನು ಯಾರೆದುರೂ ಓದಿ ಹೇಳಲಿಲ್ಲ. ಮಾಮುವೇ ಆ ರಾತ್ರಿ ಊಟವಾದ ಮೇಲೆ ಡಬ್ಬಿಯನ್ನು ದಸ್ತರ್‌ಖಾನಿನ ಮೇಲೆ ಇಟ್ಟು ಎಲ್ಲವನ್ನೂ ಹೇಳಿದರು. ಮುಮಾನಿ ಬೈಯಲಿಲ್ಲ, ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸತೊಡಗಿದರು.

ಹೊಸ ಗಾಡಿಯ ಕಂತು, ವಿಮೆ, ಸವಕಳಿ ಸೇರಿಸಿ ನೋಡಿದಾಗ ಈ ವರ್ಷಕ್ಕೆ ಹಳೆಯ ಜೀಪೇ ಕಡಿಮೆ ಖರ್ಚಿನದು ಎಂದು ಬಂತು. ಆದರೆ ಮಾಮು ಹೇಳುತ್ತಿದ್ದಷ್ಟು ಕಡಿಮೆ ಅಲ್ಲ. ಕೈಗಡ ಮೊದಲು ತೀರಲಿ, ಮುಂದಿನ ಕುಯ್ಲು ಮುಗಿದ ಮೇಲೆ ಮತ್ತೆ ಲೆಕ್ಕ ನೋಡೋಣ ಎಂದು ಮನೆಯವರೆಲ್ಲ ಒಪ್ಪಿದರು. ಅಣ್ಣ ಈಗ ಒಂದು ನೋಟ್‌ಬುಕ್ಕಿನಲ್ಲಿ ದಿನದ ಡೀಸೆಲ್, ಬಾಡಿಗೆ, ರಿಪೇರಿ ಮೂರನ್ನೂ ಬರೆಯುತ್ತಿದ್ದಾನೆ. ಆ ಪುಸ್ತಕ ಸೀಟಿನ ಕೆಳಗಿಲ್ಲ, ಮನೆಯ ಕಪಾಟಿನಲ್ಲಿದೆ.