ಊಟದ ಬಿಡುವಿಗೆ ಹತ್ತು ನಿಮಿಷ ಕೂಡಿಸಿ, ಮುಂದೆ ಕೋರ್ಟು ಕೇಸು ಎದುರಿಸಿದ ವಾಡಿಯಾ

ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆ ಗೊತ್ತಿಲ್ಲದ ಬೆಂಗಳೂರಿಗರು ಕಡಿಮೆ. ಅಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ಗೆ ಉಪನ್ಯಾಸ ಕೇಳೋಕೆ, ಲೈಬ್ರರಿಯಲ್ಲಿ ಓದೋಕೆ ಹೋದವರಿಗೆ ವಾಡಿಯಾ ಅಂದ್ರೆ ಒಬ್ಬ ಥಿಯಾಸಫಿಸ್ಟ್, ಸಂಸ್ಥೆ ಕಟ್ಟಿದ ಸಾತ್ವಿಕ ಮನುಷ್ಯ. ಇದೇ ವ್ಯಕ್ತಿ ಒಂದು ಕಾಲಕ್ಕೆ ಮದ್ರಾಸಿನ ದೊಡ್ಡ ಮಿಲ್ಲೊಂದರ ನಿದ್ದೆ ಕೆಡಿಸಿದ್ದರು ಅನ್ನೋದು ಹೆಚ್ಚು ಜನರಿಗೆ ಗೊತ್ತಿಲ್ಲ. ಕಾರ್ಮಿಕ ಸಂಘಗಳಿಗೆ ನಮ್ಮ ಕಾನೂನು ಕೊಡುವ ರಕ್ಷಣೆಯ ಬೇರು ಇರುವುದು ಅವರ ಮೇಲೆ ಬಿದ್ದ ಒಂದು ಕೇಸಿನಲ್ಲಿ.

ಬಹಮನ್ ಪೆಸ್ತನ್‌ಜಿ ವಾಡಿಯಾ ಹುಟ್ಟಿದ್ದು 1881ರಲ್ಲಿ, ಮುಂಬೈನ ಪಾರ್ಸಿ ಮನೆತನದಲ್ಲಿ. ಥಿಯಾಸಫಿಯ ಸೆಳೆತ ಅವರನ್ನು ಮದ್ರಾಸಿನ ಅಡ್ಯಾರ್‌ಗೆ ಕರೆದೊಯ್ಯಿತು. ಆನಿ ಬೆಸೆಂಟರ ಪತ್ರಿಕೆಯಲ್ಲಿ, ಹೋಂ ರೂಲ್ ಚಳವಳಿಯಲ್ಲಿ ದುಡಿದರು. 1917ರಲ್ಲಿ ಸರ್ಕಾರ ಬೆಸೆಂಟ್, ಅರುಂಡೇಲ್ ಜೊತೆಗೆ ಇವರನ್ನೂ ಊಟಿಯಲ್ಲಿ ನಿರ್ಬಂಧದಲ್ಲಿಟ್ಟಿತು.

ಬಿಡುಗಡೆಯಾದ ಮರುವರ್ಷ ಪೆರಂಬೂರಿನ ಸೆಲ್ವಪತಿ ಚೆಟ್ಟಿಯಾರ್, ರಾಮಾನುಜುಲು ನಾಯ್ಡು ಇವರ ಹತ್ತಿರ ಬಂದರು. ಬಿನ್ನಿ ಕಂಪನಿಯ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳ ಕಾರ್ಮಿಕರ ಗೋಳು ತೋಡಿಕೊಂಡರು. ಯುದ್ಧದಿಂದ ಅಕ್ಕಿ ಬೆಲೆ ಏರಿತ್ತು, ಕೂಲಿ ಸಾಲುತ್ತಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಇದ್ದದ್ದು ಬರೀ ಅರ್ಧ ಗಂಟೆ. ಮಗ್ಗ ಬಿಟ್ಟು ಹೊರಬಂದು, ಕೈತೊಳೆದು, ಉಂಡು, ಗಂಟೆ ಬಾರಿಸುವಷ್ಟರಲ್ಲಿ ವಾಪಸ್ ಒಳಗಿರಬೇಕು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆಗ ಜಾರಿಯಲ್ಲಿದ್ದ 1911ರ ಕಾರ್ಖಾನೆ ಕಾಯ್ದೆ ಕೇಳುತ್ತಿದ್ದದ್ದೂ ಅರ್ಧ ಗಂಟೆಯ ಬಿಡುವನ್ನೇ. ಬಟ್ಟೆ ಗಿರಣಿಯಲ್ಲಿ ದಿನಕ್ಕೆ 12 ಗಂಟೆ ದುಡಿಸಲೂ ಅದು ಬಿಟ್ಟಿತ್ತು. ಅಂದರೆ ಬಿಡುವಿನ ವಿಷಯದಲ್ಲಿ ಇಂದಿನ ಎಚ್‌ಆರ್ ಭಾಷೆಯಲ್ಲಿ ಹೇಳೋದಾದರೆ ಮಿಲ್ಲಿನ ಕಂಪ್ಲಯನ್ಸ್ ಸರಿಯಾಗಿಯೇ ಇತ್ತು. ಕಾರ್ಮಿಕನ ಹೊಟ್ಟೆ ಮಾತ್ರ ತುಂಬುತ್ತಿರಲಿಲ್ಲ.

1918ರ ಏಪ್ರಿಲ್ 27ರಂದು ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ವಾಡಿಯಾ ಅಧ್ಯಕ್ಷರಾದರು, ತಮಿಳಿನ ದೊಡ್ಡ ಬರಹಗಾರ ತಿರು.ವಿ. ಕಲ್ಯಾಣಸುಂದರನಾರ್ ಜೊತೆಗೆ ನಿಂತರು. ಸದಸ್ಯತ್ವ, ಚಂದಾ, ಪದಾಧಿಕಾರಿಗಳು ಎಲ್ಲ ಇದ್ದ, ದೇಶದ ಮೊದಲ ವ್ಯವಸ್ಥಿತ ಕಾರ್ಮಿಕ ಸಂಘ ಅಂತ ಇತಿಹಾಸಕಾರರು ಗುರುತಿಸುವುದು ಇದನ್ನೇ. ಬಿಡುವು 40 ನಿಮಿಷವಾಯಿತು. ಹತ್ತೇ ನಿಮಿಷ ಸಿಕ್ಕಿದ್ದು, ಆದರೆ ಒಟ್ಟಾಗಿ ಕೇಳಿದರೆ ಸಿಗುತ್ತೆ ಅನ್ನೋದು ಪೆರಂಬೂರಿಗೆ ಗೊತ್ತಾಯಿತು.

1920ರ ಅಕ್ಟೋಬರ್‌ನಲ್ಲಿ ಸಂಘರ್ಷ ಬಿಗಡಾಯಿಸಿ ಮಿಲ್ಲು ಬೀಗ ಹಾಕಿತು. ಡಿಸೆಂಬರ್‌ನಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಬಿನ್ನಿ ಕಂಪನಿ ಮದ್ರಾಸ್ ಹೈಕೋರ್ಟಿಗೆ ಹೋಗಿತ್ತು. ವಾಡಿಯಾ ಮತ್ತು ಸಂಗಡಿಗರು ಕಾರ್ಮಿಕರನ್ನು ಪ್ರಚೋದಿಸಿ ಕೆಲಸದ ಕರಾರು ಮುರಿಸಿದರು, ಅದರಿಂದ ತನಗೆ ನಷ್ಟವಾಯಿತು ಅನ್ನೋದು ಅದರ ವಾದ. ಕೋರ್ಟು ತಡೆಯಾಜ್ಞೆ ಕೊಟ್ಟಿತು. ಬ್ರಿಟನ್ನಿನಲ್ಲಿ 1906ರ ಕಾಯ್ದೆ ಸಂಘದ ನಾಯಕರನ್ನು ಇಂಥ ದಾವೆಗಳಿಂದ ಕಾಪಾಡುತ್ತಿತ್ತು. ಅದೇ ಸರ್ಕಾರದ ಕೈಕೆಳಗಿದ್ದ ಮದ್ರಾಸಿನಲ್ಲಿ ಆ ರಕ್ಷಣೆ ಇರಲಿಲ್ಲ.

1921ರ ಆರಂಭದಲ್ಲಿ ರಾಜಿಯಾಯಿತು. ಕಂಪನಿ ದಾವೆ ಕೈಬಿಡಬೇಕಾದರೆ ವಾಡಿಯಾ ಸಂಘದ ನಂಟು ಕಡಿದುಕೊಳ್ಳಬೇಕು. ಅವರು ಒಪ್ಪಿಕೊಂಡು ಹೊರನಡೆದರು. ಇದನ್ನು ಸೋಲು ಅನ್ನಬಹುದು. ಆದರೆ ಅದೇ ವರ್ಷದ ಮಾರ್ಚ್‌ನಲ್ಲಿ ಎನ್.ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ಸಂಘಗಳ ನೋಂದಣಿ ಮತ್ತು ರಕ್ಷಣೆಗೆ ಕಾಯ್ದೆ ಬೇಕು ಅಂತ ನಿರ್ಣಯ ತಂದರು. ಅದರ ಹಿಂದೆ ಮದ್ರಾಸಿನ ಈ ಕೇಸಿನ ನೆರಳಿತ್ತು. 1926ರಲ್ಲಿ ಟ್ರೇಡ್ ಯೂನಿಯನ್ಸ್ ಕಾಯ್ದೆ ಬಂತು. ನೋಂದಾಯಿತ ಸಂಘದವರು ಕೈಗಾರಿಕಾ ವಿವಾದದ ಸಂದರ್ಭದಲ್ಲಿ ಕರಾರು ಮುರಿಸಿದರು ಅನ್ನುವ ಒಂದೇ ಕಾರಣಕ್ಕೆ ಅವರ ಮೇಲೆ ಸಿವಿಲ್ ದಾವೆ ಹೂಡುವಂತಿಲ್ಲ ಅಂತ ಅದು ಹೇಳಿತು. ಯಾವ ಅಸ್ತ್ರದಿಂದ ವಾಡಿಯಾರನ್ನು ಹೊರಗಟ್ಟಿದರೋ ಅದನ್ನೇ ಕಾನೂನು ಕಿತ್ತುಕೊಂಡಿತು. ಅಷ್ಟೊತ್ತಿಗೆ ಅವರು ಕಾರ್ಮಿಕ ಚಳವಳಿಯಿಂದ ದೂರ ಸರಿದಿದ್ದರು.

1922ರಲ್ಲಿ ಅವರು ಅಡ್ಯಾರಿನ ಥಿಯಾಸಫಿಕಲ್ ಸೊಸೈಟಿಯನ್ನೂ ಬಿಟ್ಟರು. ಮುಂದೆ ಪತ್ನಿ ಸೋಫಿಯಾ ಜೊತೆ ಮುಂಬೈನಲ್ಲಿ ಸಾಹಿತ್ಯ, ಅಧ್ಯಾತ್ಮದ ಕೆಲಸ. 1945ರಲ್ಲಿ ಬಸವನಗುಡಿಯ ಸಂಸ್ಥೆ. 1958ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

2025ರ ನವೆಂಬರ್ 21ರಿಂದ 1926ರ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಸಂಘದವರಿಗೆ ಸಿವಿಲ್ ದಾವೆಯಿಂದ ಇದ್ದ ರಕ್ಷಣೆ ಅದರಲ್ಲೂ ಉಳಿದಿದೆ. ಆದರೆ ಮುಷ್ಕರದ ದಾರಿ ಕಿರಿದಾಗಿದೆ. 14 ದಿನದ ಮುಂಚಿನ ನೋಟಿಸ್ ಎಲ್ಲ ಕೈಗಾರಿಕೆಗಳಿಗೂ ಕಡ್ಡಾಯ. ಅರ್ಧಕ್ಕಿಂತ ಕಡಿಮೆ ಇಲ್ಲದಷ್ಟು ಕಾರ್ಮಿಕರು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಕಾನೂನುಬಾಹಿರ ಮುಷ್ಕರಕ್ಕೆ ಪ್ರಚೋದಿಸಿದವರಿಗೆ 10 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ, ಜೈಲೂ ಆಗಬಹುದು.

ಈ ಬದಲಾವಣೆ ನೋಡಿ ಮಾಲೀಕರು ನಿರಾಳವಾದರೆ ಪೆರಂಬೂರಿನ ಪಾಠ ಮರೆತಂತೆ. ಅಲ್ಲಿ ಕಾನೂನು, ಕೋರ್ಟು ಎರಡೂ ಕಂಪನಿಯ ಕಡೆಗಿದ್ದವು. ನಾಯಕನೂ ಹೊರಹೋದ. ಆದರೂ ಸಂಘ ಉಳಿಯಿತು. ಚೆಕ್‌ಲಿಸ್ಟಿನ ಎಲ್ಲ ಸಾಲಿಗೂ ಟಿಕ್ ಹಾಕಿದ ಮೇಲೆ ಎಚ್‌ಆರ್ ಮ್ಯಾನೇಜರ್ ಒಮ್ಮೆ ಶಾಪ್ ಫ್ಲೋರಿಗೆ ಇಳಿದು, ಊಟದ ಬಿಡುವು ನಿಜಕ್ಕೂ ಊಟಕ್ಕೆ ಸಾಲುತ್ತಿದೆಯಾ ಅಂತ ಕೇಳಿ ಬರೋದು ಒಳ್ಳೇದು. ಬಿನ್ನಿ ಕಂಪನಿ ಅದನ್ನು 1918ಕ್ಕೆ ಮೊದಲೇ ಕೇಳಿದ್ದರೆ ಪೆರಂಬೂರಿನವರು ವಾಡಿಯಾರನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲವೇನೋ.