ಆಲ್ಫ್ರೆಡ್ ವೇಗೆನರ್

1880ರಲ್ಲಿ ಬರ್ಲಿನ್ ನಗರದಲ್ಲಿ ಜನಿಸಿದ ಆಲ್ಫ್ರೆಡ್ ವೇಗೆನರ್ ಮಹಾಶಯರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುವೆವು. ಭೂಖಂಡಗಳು ಪೂರ್ವದಲ್ಲಿ ಒಂದಾಗಿದ್ದು ಕ್ರಮೇಣ ಸರಿದು ಬೇರೆಯಾದವೆಂದು ಇವರು 1912ರಲ್ಲಿ ಸಾರಿದರು. ಅವುಗಳನ್ನು ಸರಿಸುವ ಶಕ್ತಿಯನ್ನು ತೃಪ್ತಿಕರವಾಗಿ ತೋರಿಸಲಾರದೆ ಹೋದುದರಿಂದ ಪಂಡಿತರಲ್ಲಿ ಬಹುಮಂದಿ ಒಪ್ಪಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದ ನಡುವೆ ಬೀಡುಬಿಟ್ಟಿದ್ದ ಸಂಗಡಿಗರ ನೆರವಿಗಾಗಿ ಹೋಗಿ, ತಮ್ಮ ಐವತ್ತನೆಯ ಹುಟ್ಟುಹಬ್ಬದಂದು ಹಿಂದಕ್ಕೆ ಹೊರಟವರು ದಾರಿಯಲ್ಲಿಯೇ ಕಾಲವಾದರು. ಅವರನ್ನು ಹಿಮದಲ್ಲಿ ಹೂಳಿ ಮುನ್ನಡೆದ ರಾಸ್ಮುಸ್ ವಿಲ್ಲುಮ್‌ಸೆನ್ ಎಂಬ ತರುಣನೂ ಮತ್ತೆ ಸಿಕ್ಕಲಿಲ್ಲ.

ಮುಂದೆ ಎಲ್ಟಾನಿನ್ ಎಂಬ ಹಡಗು ಅಂಟಾರ್ಕ್ಟಿಕದತ್ತಣ ಶಾಂತಸಾಗರದಲ್ಲಿ ಕಾಂತಮಾಪಕವನ್ನು ಎಳೆದೊಯ್ದು ಮಾಡಿದ ಅಳತೆಗಳು 1966ರಲ್ಲಿ ಪ್ರಕಟವಾದವು. ಸಮುದ್ರತಳದ ಏಣಿನ ಇಬ್ಬದಿಗಳಲ್ಲಿಯೂ ಶಿಲೆಗಳ ಕಾಂತಪಟ್ಟೆಗಳು ಬಿಂಬಪ್ರತಿಬಿಂಬಗಳಂತೆ ಹೊಂದಿದ್ದುವು. ತಳವು ಅಲ್ಲಿ ಹೊಸದಾಗಿ ಹುಟ್ಟಿ ಎರಡು ಕಡೆಗೂ ಸರಿಯುವುದು ಸಿದ್ಧಪಟ್ಟಿತು. ಭೂಖಂಡಗಳ ಚಲನೆಯನ್ನು ಲೋಕವು ಒಪ್ಪಿತು. ಆ ಒಪ್ಪಿಗೆಯನ್ನು ಕಾಣದೆ ಗತಿಸಿದ ಈ ಸತ್ಯಶೋಧಕರನ್ನು ನಾವು ಗೌರವದಿಂದ ಸ್ಮರಿಸುವೆವು.