ಸುವಾರ್ತೆಯ ಗಾಯಿಕೆ ಮಹೇಲಿಯ ಜಾಕ್ಸನ್

ನಮ್ಮ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರೊಬ್ಬರಿದ್ದಾರೆ. ಕ್ರೈಸ್ತರು, ಮಿತಭಾಷಿಗಳು. ಮೂರು ವರ್ಷಗಳ ಹಿಂದೆ ಅವರ ಪತ್ನಿ ಕೆಲವೇ ದಿನಗಳ ಕಾಯಿಲೆಯಿಂದ ತೀರಿಕೊಂಡರು. ಅಂತ್ಯಕ್ರಿಯೆಯಾದ ಮೂರನೆಯ ದಿನ ಬೆಳಗ್ಗೆ ನಾನು ಅವರನ್ನು ಕಾಣಲು ಹೋದೆ. ಹೇಳಬೇಕಾದ ಸಮಾಧಾನದ ಮಾತುಗಳನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿಯೇ ಜೋಡಿಸಿಕೊಳ್ಳುತ್ತಿದ್ದೆ. ಬಾಗಿಲ ಬಳಿ ಬರುತ್ತಲೇ ಒಳಗಿನಿಂದ ಒಂದು ಹೆಣ್ಣುದನಿ ಕೇಳಿಸಿತು. ತುಂಬು ಕಂಠ, ಅವಸರವಿಲ್ಲದ ನಡೆ, ಒಂದೊಂದು ಅಕ್ಷರವನ್ನೂ ಎತ್ತಿ, ತೂಗಿ, ಮತ್ತೆ ಇಳಿಸಿ ಇಡುವಂತಹ ಗಾಯನ. ಅವರು ಅಡುಗೆಮನೆಯಲ್ಲಿ ನಿಂತು ಪಾತ್ರೆ ತೊಳೆಯುತ್ತಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರೇ ಹೊರತು ಹಾಡನ್ನು ನಿಲ್ಲಿಸಲಿಲ್ಲ. ಅದು ಮುಗಿಯುವವರೆಗೆ ನಾವಿಬ್ಬರೂ ಮಾತಾಡಲಿಲ್ಲ. ಆಮೇಲೆ ಕೈಯೊರೆಸಿಕೊಳ್ಳುತ್ತ, ಸೋಮವಾರದಿಂದ ತರಗತಿಗೆ ಬರುವುದಾಗಿ ತಿಳಿಸಿದರು. ನಾನು ಜೋಡಿಸಿಕೊಂಡು ಹೋಗಿದ್ದ ಮಾತುಗಳು ನನ್ನಲ್ಲಿಯೇ ಉಳಿದವು.

ವಚನಗಳನ್ನೂ ದಾಸರ ಪದಗಳನ್ನೂ ನಾನು ಸುಮಾರು ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಪ್ರತಿ ವರ್ಷವೂ ಚುರುಕಾದ ವಿದ್ಯಾರ್ಥಿಯೊಬ್ಬ ಎದ್ದುನಿಂತು ಒಂದೇ ಪ್ರಶ್ನೆಯನ್ನು ಕೇಳುವುದುಂಟು: ಭಕ್ತಿಗೀತೆಯೆಂಬುದು ನೋವನ್ನು ಮರೆಯಲು ಮನುಷ್ಯನು ಕಂಡುಕೊಂಡ ಮರೆಯಲ್ಲವೇ? ನಾನು ಕೊಡುತ್ತ ಬಂದ ಉತ್ತರಗಳೆಲ್ಲ ಪುಸ್ತಕದಿಂದ ಬಂದವು. ಆ ದಿನ ಅಡುಗೆಮನೆಯಲ್ಲಿ ಕಂಡದ್ದು ಪುಸ್ತಕದ ಉತ್ತರವಾಗಿರಲಿಲ್ಲ. ಆ ಕಂಠ ಯಾರದೆಂದು ವಿಚಾರಿಸಿದೆ. ಮಹೇಲಿಯ ಜಾಕ್ಸನ್ ಎಂಬ ಅಮೆರಿಕದ ಗಾಯಿಕೆಯದೆಂದು ತಿಳಿಯಿತು. ಅಂದಿನಿಂದ ಆಕೆಯ ಜೀವನವನ್ನು ಕುರಿತು ದೊರೆತದ್ದನ್ನೆಲ್ಲ ಓದಿದೆ. ಹಾಗೆ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ಮಹೇಲಿಯ ಹುಟ್ಟಿದ್ದು 1911ರ ಅಕ್ಟೋಬರ್ 26ರಂದು, ಅಮೆರಿಕದ ದಕ್ಷಿಣದ ಬಂದರು ಪಟ್ಟಣವಾದ ನ್ಯೂ ಆರ್ಲಿಯನ್ಸಿನಲ್ಲಿ. ಮಿಸಿಸಿಪ್ಪಿ ನದಿಯ ದಂಡೆಗೆ ಸಮೀಪದ ಕೇರಿ. ಮೂರು ಕೋಣೆಗಳ ಮನೆ. ಅದರಲ್ಲಿ ಹದಿಮೂರು ಜನರ ವಾಸ. ಆಕೆಯ ಹಿರಿಯರು ಗುಲಾಮಗಿರಿಯನ್ನು ಕಂಡವರು. ಗುಲಾಮಗಿರಿ ಕಾನೂನಿನಿಂದ ಅಳಿದಿದ್ದರೂ ಕಪ್ಪು ಜನರಿಗೆ ಶಾಲೆ ಬೇರೆ, ರೈಲಿನ ಡಬ್ಬಿ ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆಯಾಗಿದ್ದ ಕಾಲವದು. ಐದಾರು ವರ್ಷದ ಎಳೆವಯಸ್ಸಿನಲ್ಲಿಯೇ ಮಹೇಲಿಯ ತಾಯಿಯನ್ನು ಕಳೆದುಕೊಂಡಳು. ಅನಂತರ ಆಕೆಯನ್ನು ಸಾಕಿದವಳು ದೊಡ್ಡಮ್ಮ, ಕಟ್ಟುನಿಟ್ಟಿನ ಹೆಂಗಸು. ನೆಲ ಉಜ್ಜುವುದು, ಬಟ್ಟೆ ಒಗೆಯುವುದು, ಇಸ್ತ್ರಿ ಮಾಡುವುದು ಇವೇ ಆ ಹುಡುಗಿಯ ನಿತ್ಯದ ಪಾಠಗಳಾದವು. ಶಾಲೆಯ ಓದು ನಾಲ್ಕನೆಯ ತರಗತಿಗೆ ನಿಂತಿತು.

ಸಂಗೀತವನ್ನು ಆಕೆಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಭಾನುವಾರ ಬ್ಯಾಪ್ಟಿಸ್ಟ್ ಚರ್ಚಿನ ಮಕ್ಕಳ ಮೇಳದಲ್ಲಿ ಹಾಡುತ್ತಿದ್ದಳು. ಮನೆಯ ಪಕ್ಕದಲ್ಲಿಯೇ ಮತ್ತೊಂದು ಪಂಗಡದ ಪ್ರಾರ್ಥನಾಮಂದಿರವಿತ್ತು. ಅಲ್ಲಿ ಪಿಯಾನೋ ಇರಲಿಲ್ಲ. ಡೋಲು, ಕಂಜಿರದಂತಹ ವಾದ್ಯ, ಚಪ್ಪಾಳೆ ಮತ್ತು ನೆಲಕ್ಕೆ ಬಡಿಯುವ ಕಾಲುಗಳ ತಾಳ, ಇಷ್ಟೇ. ಅದರ ಲಯ ಗೋಡೆಯನ್ನು ದಾಟಿ ಬಂದು ಹುಡುಗಿಯ ಮೈಯನ್ನು ಹೊಕ್ಕಿತು. ಮನೆಯಲ್ಲಿ ದೊಡ್ಡವರಿಲ್ಲದಾಗ ಬೆಸ್ಸಿ ಸ್ಮಿತ್ ಎಂಬ ಪ್ರಸಿದ್ಧ ಗಾಯಿಕೆಯ ಬ್ಲೂಸ್ ತಟ್ಟೆಗಳನ್ನು ಕೇಳುವುದೂ ಇತ್ತು. ಬ್ಲೂಸ್ ಎಂದರೆ ಕಪ್ಪು ಜನರ ಲೌಕಿಕ ದುಃಖದ ಹಾಡು. ಈ ಮೂರು ಧಾರೆಗಳೂ ಕೂಡಿ ಆಕೆಯ ಕಂಠವಾಯಿತೆನ್ನಬಹುದು.

1920ರ ದಶಕದ ಕೊನೆಯಲ್ಲಿ, ಹದಿಹರೆಯದ ಮಹೇಲಿಯ ಉತ್ತರದ ಷಿಕಾಗೋ ನಗರಕ್ಕೆ ಬಂದಳು. ದಕ್ಷಿಣದ ಕಪ್ಪು ಜನರು ಕೂಲಿಯನ್ನೂ ಮರ್ಯಾದೆಯನ್ನೂ ಅರಸಿ ಲಕ್ಷಗಟ್ಟಲೆಯಾಗಿ ಉತ್ತರಕ್ಕೆ ವಲಸೆ ಹೊರಟಿದ್ದ ಕಾಲವದು. ದಾದಿಯಾಗಬೇಕೆಂಬುದು ಆಕೆಯ ಆಸೆ. ಆದದ್ದು ಬಟ್ಟೆ ಒಗೆಯುವವಳು, ಮನೆಗೆಲಸದವಳು. ವಾರವೆಲ್ಲ ಅನ್ಯರ ಮನೆಯ ದುಡಿಮೆ, ಭಾನುವಾರ ಚರ್ಚಿನಲ್ಲಿ ಹಾಡು. ಆದರೆ ನಗರದ ಪ್ರತಿಷ್ಠಿತ ಚರ್ಚುಗಳಲ್ಲಿ ಆಕೆಯ ಹಾಡುಗಾರಿಕೆ ಹಲವರಿಗೆ ರುಚಿಸಲಿಲ್ಲ. ಅಲ್ಲಿಯವರು ಐರೋಪ್ಯ ಸಂಗೀತದ ಗಾಂಭೀರ್ಯವನ್ನು ಬಯಸಿದವರು. ಈಕೆಯೋ ಕೈ ತಟ್ಟಿ, ಮೈ ತೂಗಿ, ಗಂಟಲು ಬಿಚ್ಚಿ ಹಾಡುವವಳು. ದುಡಿದ ಹಣ ಕೊಟ್ಟು ಪಾಠಕ್ಕೆಂದು ಹೋದರೆ, ಸಂಗೀತದ ಗುರುವೊಬ್ಬನೂ ಇದು ಹಾಡಲ್ಲ, ಅರಚಾಟ ಎಂಬಂತೆ ಮಾತಾಡಿ ಕಳುಹಿಸಿದ. ದೇವರ ಮುಂದೆ ತಾಯ್ನುಡಿಯಲ್ಲಿ ಬಾಯ್ತುಂಬ ಹಾಡಿದವರನ್ನು ಪಂಡಿತರು ಕಡೆಗಣಿಸಿದ್ದು ನಮ್ಮ ನಾಡಿಗೂ ಹೊಸದಲ್ಲವಷ್ಟೆ.

ಆಕೆಯ ಬೆಲೆಯನ್ನು ಅರಿತವನು ಥಾಮಸ್ ಡಾರ್ಸಿ. ಈತ ಧರ್ಮೋಪದೇಶಕನ ಮಗ. ಮೊದಲು ಬ್ಲೂಸ್ ಮೇಳಗಳಲ್ಲಿ ಪಿಯಾನೋ ನುಡಿಸಿ ಹೆಸರು ಮಾಡಿದವನು. ಆ ಲೌಕಿಕ ಸಂಗೀತದ ಮಟ್ಟುಗಳಲ್ಲಿ ದೇವರ ಹಾಡನ್ನು ಕಟ್ಟಿ ಗಾಸ್ಪೆಲ್, ಎಂದರೆ ಸುವಾರ್ತೆಯ ಸಂಗೀತ ಎಂಬ ಹೊಸ ಸಂಪ್ರದಾಯಕ್ಕೆ ರೂಪ ಕೊಟ್ಟನು. 1932ರಲ್ಲಿ ಈತ ಹಾಡಲೆಂದು ಸೇಂಟ್ ಲೂಯಿಸ್ ನಗರಕ್ಕೆ ಹೋಗಿದ್ದಾಗ ಷಿಕಾಗೋದಲ್ಲಿ ಹೆಂಡತಿ ಹೆರಿಗೆಯಲ್ಲಿ ಸತ್ತಳು. ಹುಟ್ಟಿದ ಮಗುವೂ ಉಳಿಯಲಿಲ್ಲ. ದೇವರ ಹಾಡನ್ನೇ ಬಿಟ್ಟುಬಿಡಬೇಕೆಂದು ಹೊರಟಿದ್ದವನು, ಆ ದುಃಖದಲ್ಲಿಯೇ ಪಿಯಾನೋದ ಮುಂದೆ ಕುಳಿತು ‘ಪ್ರೆಷಸ್ ಲಾರ್ಡ್’ ಎಂಬ ಗೀತೆಯನ್ನು ರಚಿಸಿದನು. ಬಳಲಿದವನೊಬ್ಬನು ತನ್ನ ಕೈ ಹಿಡಿದು ನಡೆಸೆಂದು ಪ್ರಭುವನ್ನು ಬೇಡುವುದೇ ಅದರ ಭಾವ. ನಮ್ಮ ಗಣಿತದ ಅಧ್ಯಾಪಕರ ಮನೆಯಲ್ಲಿ ಆ ಬೆಳಗ್ಗೆ ನಾನು ಕೇಳಿದ್ದು ಇದೇ ಗೀತೆ. ಡಾರ್ಸಿ ಮತ್ತು ಮಹೇಲಿಯ ವರ್ಷಗಟ್ಟಲೆ ಜೊತೆಯಾಗಿ ಊರೂರು ತಿರುಗಿದರು. ಆಕೆ ಹಾಡಿ ತೋರಿಸುವಳು; ಈತ ಹಾಡಿನ ಹಾಳೆಗಳನ್ನು ಬಿಡಿಕಾಸಿಗೆ ಮಾರುವನು.

1937ರಲ್ಲಿ ಆಕೆಯ ಮೊದಲ ಧ್ವನಿಮುದ್ರಿಕೆಗಳು ಬಂದವು, ಮಾರಾಟವಾಗಲಿಲ್ಲ. ಬ್ಲೂಸ್ ಹಾಡಿದರೆ ಹಣಕ್ಕೆ ಕೊರತೆಯಿಲ್ಲವೆಂದು ಮುದ್ರಿಸಿದವರು ಸೂಚಿಸಿದರು. ಆಕೆ ಒಪ್ಪಲಿಲ್ಲ. ದೇಶವನ್ನೆಲ್ಲ ಆರ್ಥಿಕ ಮುಗ್ಗಟ್ಟು ಕಾಡುತ್ತಿದ್ದ ದಿನಗಳವು. ಗಂಡನಿಗೆ ಕೆಲಸವಿಲ್ಲದಿದ್ದಾಗ, ಅವನ ಒತ್ತಾಯಕ್ಕೆ ಕಟ್ಟುಬಿದ್ದು ಸಂಗೀತ ನಾಟಕವೊಂದರ ಪರೀಕ್ಷೆಗೆ ಹೋಗಿ ಗೆದ್ದೂ ಬಂದಳು. ಅದೇ ದಿನ ಅವನಿಗೆ ಬೇರೆ ಕೆಲಸ ದೊರೆತುದು ತಿಳಿಯುತ್ತಲೇ ನಾಟಕದ ಅವಕಾಶವನ್ನು ಬಿಟ್ಟುಕೊಟ್ಟಳು. ಬಿಟ್ಟುಕೊಟ್ಟವಳು ದೇವರ ಹೆಸರು ಹೇಳಿ ಕೈಕಟ್ಟಿ ಕೂರಲಿಲ್ಲ. ಕೂಡಿಟ್ಟ ಕಾಸಿನಿಂದ ಹೆಂಗಸರ ಕೇಶಾಲಂಕಾರದ ಅಂಗಡಿಯನ್ನು ತೆರೆದಳು. ಮುಂದೆ ಹೂವಿನ ಅಂಗಡಿಯನ್ನೂ ನಡೆಸಿದಳು. ನಮ್ಮ ಶರಣರು ಕಾಯಕವೆಂದು ಕರೆದದ್ದು ಇಂತಹ ಬಾಳನ್ನೇ ಅಲ್ಲವೇ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಬ್ಲೂಸ್ ಹಾಡಿ ಮುಗಿಸಿದ ಮೇಲೆಯೂ ಎದೆಯ ಭಾರ ಹಾಗೆಯೇ ಉಳಿಯುತ್ತದೆ, ಸುವಾರ್ತೆಯನ್ನು ಹಾಡಿದಾಗ ಆ ಭಾರವನ್ನು ಹೊರುವ ಬಲ ಬರುತ್ತದೆ ಎಂಬುದು ಆಕೆಯ ನಂಬಿಕೆಯಾಗಿತ್ತು. ಬ್ಲೂಸಿನ ಮೇಲೆ ದ್ವೇಷವೇನೂ ಇರಲಿಲ್ಲ. ಅದರ ದನಿಯನ್ನು ತನ್ನ ಗಂಟಲಲ್ಲಿಯೇ ಇಟ್ಟುಕೊಂಡಿದ್ದಳು. ಆದರೆ ನಾಳೆ ಬೆಳಗ್ಗೆ ಎದ್ದು ಮತ್ತೆ ಒಗೆಯುವ ಕಲ್ಲಿನ ಬಳಿ ಹೋಗಬೇಕಾದವರಿಗೆ ಭಾರವನ್ನು ಹೊರುವ ಬಲ ಬೇಕಾಗಿತ್ತು. ಅಂಥವರ ನಡುವೆ ಬೆಳೆದವಳಾದ್ದರಿಂದ ಅವರಿಗಾಗಿಯೇ ಆಕೆ ಹಾಡಿದಳು.

1947ರಲ್ಲಿ ಮುದ್ರಿತವಾದ, ಮೆಂಫಿಸ್ಸಿನ ಧರ್ಮಗುರು ಬ್ರೂಸ್ಟರರ ರಚನೆಯೊಂದು ಆಕೆಗೆ ಅಪಾರ ಕೀರ್ತಿಯನ್ನು ತಂದಿತು. ಅದರ ತಟ್ಟೆಗಳು ಹತ್ತು ಲಕ್ಷಕ್ಕೂ ಮೀರಿ ಮಾರಾಟವಾದವು. 1950ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ಹಾಡಿದಳು. 1952ರಲ್ಲಿ ಯೂರೋಪಿಗೆ ಹೋಗಿಬಂದಳು. ಅರಚಾಟವೆನಿಸಿಕೊಂಡಿದ್ದ ಕಂಠವನ್ನು ಕೇಳಲು ಜನ ಟಿಕೆಟ್ಟಿಗಾಗಿ ಸಾಲುಗಟ್ಟಿದರು. ಆದರೆ ತನ್ನ ದೇಶದ ದಕ್ಷಿಣ ಭಾಗದಲ್ಲಿ ಸಂಚರಿಸುವಾಗ ಬಿಳಿಯರ ಹೋಟೆಲುಗಳಲ್ಲಿ ಆಕೆಗೆ ಊಟವೂ ಇಲ್ಲ, ಹಾಸಿಗೆಯೂ ಇಲ್ಲ. ಎಷ್ಟೋ ರಾತ್ರಿ ಕಾರಿನಲ್ಲಿಯೇ ಉಂಡು ಮಲಗಬೇಕಾಯಿತು. ಷಿಕಾಗೋದ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡಾಗ ಕಿಟಕಿಯ ಗಾಜುಗಳಿಗೆ ಗುಂಡು ಬಿದ್ದವು.

ಮಹಾತ್ಮರ ಜೀವನವನ್ನು ಬರೆಯುವಾಗ ದೋಷಗಳನ್ನು ಮರೆಮಾಚುವುದು ನಮ್ಮಲ್ಲಿ ವಾಡಿಕೆ. ಅದು ಸಲ್ಲದು. ಹಣದ ವಿಷಯದಲ್ಲಿ ಮಹೇಲಿಯ ಬಿಗಿಮುಷ್ಟಿಯವಳು. ಮೋಸಹೋದ ನೆನಪಿನಿಂದ, ಹಾಡುವ ಮೊದಲೇ ರೊಕ್ಕವನ್ನು ಎಣಿಸಿಕೊಳ್ಳುತ್ತಿದ್ದಳು. ಎಷ್ಟೋ ವರ್ಷ ನಿಷ್ಠೆಯಿಂದ ಪಿಯಾನೋ ನುಡಿಸಿದ ಮಿಲ್ಡ್ರೆಡ್ ಫಾಲ್ಸಳಿಗೆ ಸಲ್ಲಬೇಕಾದಷ್ಟು ಸಂಬಳವನ್ನು ಕೊಡಲಿಲ್ಲವೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ಎರಡು ಮದುವೆಗಳೂ ಮುರಿದುಬಿದ್ದವು. ಅದೇ ಕೈ ಬಡ ವಿದ್ಯಾರ್ಥಿಗಳ ಓದಿಗೆಂದು ನಿಧಿಯನ್ನೂ ಸ್ಥಾಪಿಸಿತೆಂಬುದನ್ನು ಮರೆಯಬಾರದು. ಆಕೆ ಹಾಡಿದ್ದು ಸಂತಳಾಗಿ ಅಲ್ಲ. ದಿನದಿನವೂ ಎಡವಿ ದಿನದಿನವೂ ಏಳಬೇಕಾದವಳಾಗಿ.

ಆಕೆಯ ನಂಬಿಕೆ ಚರ್ಚಿನ ಬಾಗಿಲಲ್ಲಿ ನಿಲ್ಲಲಿಲ್ಲ. ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಕಪ್ಪು ಜನರು ಒಂದು ವರ್ಷಕ್ಕೂ ಮಿಗಿಲಾಗಿ ಬಸ್ಸುಗಳನ್ನು ಬಹಿಷ್ಕರಿಸಿದಾಗ, 1956ರ ಡಿಸೆಂಬರಿನಲ್ಲಿ ಅಲ್ಲಿಗೆ ಹೋಗಿ ಅವರಿಗಾಗಿ ಹಾಡಿದಳು. ಆಗ ಆಕೆ ತಂಗಿದ್ದುದು ಹೋರಾಟದ ಮುಂದಾಳಾದ ರಾಲ್ಫ್ ಅಬರ್ನೆಥಿಯ ಮನೆಯಲ್ಲಿ. ಮರುತಿಂಗಳು ಆ ಮನೆಗೆ ಬಾಂಬು ಬಿದ್ದಿತು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಎರಡೂವರೆ ಲಕ್ಷ ಜನ ಸೇರಿದ ಮಹಾಸಭೆಯಲ್ಲಿ, ಮಾರ್ಟಿನ್ ಲೂಥರ್ ಕಿಂಗರ ಭಾಷಣಕ್ಕೆ ಮುನ್ನ ಆಕೆ ಹಾಡಿದಳು. ಬರೆದು ತಂದ ಭಾಷಣವನ್ನು ಕಿಂಗರು ಓದುತ್ತಿದ್ದಾಗ, ತಮ್ಮ ಕನಸಿನ ವಿಷಯವನ್ನು ಜನರಿಗೆ ಹೇಳಿರೆಂದು ಹಿಂದಿನಿಂದ ಕೂಗಿ ನೆನಪಿಸಿದವಳು ಮಹೇಲಿಯಳೇ ಎಂದು ಆಗ ಹತ್ತಿರವಿದ್ದವರು ಬರೆದಿಟ್ಟಿದ್ದಾರೆ. ಕಿಂಗರು ಹಾಳೆಯನ್ನು ಬಿಟ್ಟು ಮಾತಾಡತೊಡಗಿದರು. ಮುಂದಿನದನ್ನು ಲೋಕವೆಲ್ಲ ಬಲ್ಲದು.

1968ರ ಏಪ್ರಿಲ್ 4ರ ಸಂಜೆ ಮೆಂಫಿಸ್ಸಿನಲ್ಲಿ, ಆ ರಾತ್ರಿಯ ಸಭೆಯಲ್ಲಿ ‘ಪ್ರೆಷಸ್ ಲಾರ್ಡ್’ ಗೀತೆಯನ್ನು ನುಡಿಸಬೇಕೆಂದು ಕಿಂಗರು ವಾದ್ಯಗಾರನೊಬ್ಬನನ್ನು ಕೇಳಿಕೊಂಡರು. ಕೆಲವೇ ಕ್ಷಣಗಳಲ್ಲಿ ಕೊಲೆಗಾರನ ಗುಂಡು ಅವರನ್ನು ಕೆಡವಿತು. ಐದು ದಿನಗಳ ಅನಂತರ ಅವರ ಅಂತಿಮ ಸಂಸ್ಕಾರದ ದಿನ ಆ ಗೀತೆಯನ್ನು ಮಹೇಲಿಯ ಹಾಡಿದಳು. ಹೆಂಡತಿಯನ್ನು ಕಳೆದುಕೊಂಡವನೊಬ್ಬನ ಏಕಾಂತದ ಮೊರೆ, ನಾಯಕನನ್ನು ಕಳೆದುಕೊಂಡ ಒಂದು ಜನಾಂಗದ ಮೊರೆಯಾಯಿತು.

ಹೃದ್ರೋಗದಿಂದ ನರಳುತ್ತಿದ್ದರೂ ಆಕೆ ಪ್ರವಾಸವನ್ನು ನಿಲ್ಲಿಸಲಿಲ್ಲ. 1971ರಲ್ಲಿ ಭಾರತಕ್ಕೂ ಬಂದು ಹಾಡಿದಳು. ಪ್ರಧಾನಿ ಇಂದಿರಾ ಗಾಂಧಿಯವರೂ ಕೇಳಲು ಬಂದಿದ್ದರು. 1972ರ ಜನವರಿ 27ರಂದು, ಅರವತ್ತನೆಯ ವಯಸ್ಸಿನಲ್ಲಿ, ಷಿಕಾಗೋ ಸಮೀಪದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಳು. ಷಿಕಾಗೋದಲ್ಲಿ ನಡೆದ ಅಂತಿಮ ದರ್ಶನದ ಸಭೆಯಲ್ಲಿ ಅರೀತಾ ಫ್ರಾಂಕ್ಲಿನ್ ಹಾಡಿದ್ದು ಡಾರ್ಸಿಯ ಅದೇ ಗೀತೆಯನ್ನು. ದೇಹವನ್ನು ಹುಟ್ಟೂರಿಗೆ ಒಯ್ದು, ನ್ಯೂ ಆರ್ಲಿಯನ್ಸಿನ ಬಳಿ ಮಣ್ಣು ಮಾಡಿದರು.

ಆ ಸೋಮವಾರ ನಮ್ಮ ಗಣಿತದ ಅಧ್ಯಾಪಕರು ಹೇಳಿದಂತೆ ಕಾಲೇಜಿಗೆ ಬಂದರು. ಅವರ ಅಂಗಿ ತಕ್ಕಮಟ್ಟಿಗೆ ಮಾತ್ರ ಇಸ್ತ್ರಿಯಾಗಿತ್ತು. ಅದು ಅವರದೇ ಕೈಕೆಲಸವೆಂದು ನೋಡಿದರೇ ತಿಳಿಯುತ್ತಿತ್ತು. ಪಕ್ಕದ ಕೋಣೆಯಲ್ಲಿ ಪಾಠ ಹೇಳುತ್ತಿದ್ದ ನನಗೆ ಅವರ ಸೀಮೆಸುಣ್ಣದ ಸದ್ದು ಕೇಳಿಸುತ್ತಿತ್ತು. ನಡುವೆ ಒಂದೆರಡು ಬಾರಿ ಸದ್ದು ನಿಂತಿತು, ಮತ್ತೆ ಮುಂದುವರಿಯಿತು. ಅವರ ದುಃಖವನ್ನು ಹಾಡು ಅಳಿಸಿರಲಿಲ್ಲ. ಗಂಟೆ ಹೊಡೆಯುವವರೆಗೆ ಅವರನ್ನು ಕರಿಹಲಗೆಯ ಮುಂದೆ ನಿಲ್ಲಿಸಿತ್ತು, ಅಷ್ಟೆ.

ಈ ವರ್ಷವೂ ನನ್ನ ತರಗತಿಯಲ್ಲಿ ಆ ಪ್ರಶ್ನೆ ಬಂದಿತು. ನಾನು ಸಿದ್ಧಾಂತಗಳನ್ನು ಹೇಳಲಿಲ್ಲ. ಒಗೆಯುವ ಕೆಲಸ ಮಾಡಿಕೊಂಡಿದ್ದ ಒಬ್ಬ ಹೆಣ್ಣುಮಗಳ ಈ ಕಥೆಯನ್ನು ಹೇಳಿದೆ. ಕೇಳಿದ ಹುಡುಗ ಒಪ್ಪಿದನೋ ಇಲ್ಲವೋ ತಿಳಿಯದು. ಆದರೆ ಪಾಠ ಮುಗಿದ ಮೇಲೆ ಬಳಿಗೆ ಬಂದು, ಆ ಹಾಡು ಎಲ್ಲಿ ದೊರೆಯುತ್ತದೆಂದು ವಿಚಾರಿಸಿಕೊಂಡು ಹೋದನು.